ನೀಲಿ ಟಿಕ್ಕಿನ ಹಿಂದೆ ಇರೋದು ಹೀರೋನಾ, ಡೂಪಾ?

ಫೈಟಿಂಗ್ ದೃಶ್ಯದಲ್ಲಿ ಮಹಡಿ ಮೇಲಿಂದ ಹಾರೋನು ಹೀರೋ ಅಲ್ಲ, ಡೂಪ್ ಅಂತ ನಮಗೆಲ್ಲ ಗೊತ್ತು. ಆದರೂ ಶಿಳ್ಳೆ ಹೊಡೀತೀವಿ. ಅದರಲ್ಲಿ ನಷ್ಟವೇನಿಲ್ಲ. ಆದರೆ ಮೊಬೈಲಿನಲ್ಲಿ ಹೀರೋ ಹೆಸರಿಟ್ಟುಕೊಂಡು ಬರುವ ಡೂಪ್ ಇದ್ದಾನಲ್ಲ, ಅವನು ನೇರ ನಿಮ್ಮ ಜೇಬಿಗೇ ಕೈ ಹಾಕ್ತಾನೆ!

ಹೇಳುತ್ತಿರುವವನು ಅನುಭವಸ್ಥ, ಮಿತ್ರರೇ. ಎರಡು ವರ್ಷದ ಹಿಂದೆ ನನಗೊಂದು ಸಂದೇಶ ಬಂತು. ಜನಪ್ರಿಯ ನಟರ ಹೆಸರು, ಅವರದೇ ಫೋಟೋ, ಪಕ್ಕದಲ್ಲಿ ನೀಲಿ ಟಿಕ್. ಹೊಸ ಚಿತ್ರಕ್ಕೆ ಹೊಸ ಮುಖ ಬೇಕಂತೆ, ಸ್ಕ್ರೀನ್ ಟೆಸ್ಟಿಗೆ ಎರಡು ಸಾವಿರ ಕಳಿಸಬೇಕಂತೆ. ಟಿಕ್ ನೋಡಿ ನಂಬಿದೆ, ಕಳಿಸಿದೆ. ಮಾರನೇ ದಿನ ಖಾತೆಯೇ ಮಾಯ!

ಹಾಗಾದರೆ ಈ ಟಿಕ್ ಅಂದರೇನು? ಬನ್ನಿ, ಫ್ಲ್ಯಾಷ್‌ಬ್ಯಾಕಿಗೆ ಹೋಗೋಣ.

140 ಅಕ್ಷರದ ಆಟ

ಟ್ವಿಟರ್ ಹುಟ್ಟಿದ್ದು 2006ರಲ್ಲಿ, ಅಮೆರಿಕದಲ್ಲಿ. ಒಂದು ಸಂದೇಶಕ್ಕೆ 140 ಅಕ್ಷರ, ಅಷ್ಟೇ. ಯಾಕೆ ಗೊತ್ತೇ? ಎಸ್ಸೆಮ್ಮೆಸ್ಸಿನ ಮಿತಿ 160. ಅದರಲ್ಲಿ 20 ಅಕ್ಷರ ಬರೆದವನ ಹೆಸರಿಗೆ ಬಿಟ್ಟರೆ ಉಳಿದದ್ದು 140! 2017ರಲ್ಲಿ ಅದು 280 ಆಯಿತು.

ಪ್ರೆಸ್‌ಮೀಟ್ ಬೇಡ, ಪಿ.ಆರ್.ಓ. ಬೇಡ, ತಾರೆ ನೇರ ಅಭಿಮಾನಿಯೊಂದಿಗೇ ಮಾತಾಡಬಹುದು. 2021ರ ಅಕ್ಟೋಬರ್ 29ರ ಬೆಳಿಗ್ಗೆ ನಮ್ಮ ಅಪ್ಪು, ಅಣ್ಣ ಶಿವಣ್ಣನ 'ಭಜರಂಗಿ 2' ತಂಡಕ್ಕೆ ಶುಭ ಕೋರಿ ಟ್ವೀಟ್ ಮಾಡಿದ್ದರು. ಕೆಲವೇ ಗಂಟೆಗಳಲ್ಲಿ ಆ ಕೆಟ್ಟ ಸುದ್ದಿ ಬಂತು. ಆ ಒಂದು ಸಾಲಿಗೆ ಯಾಕೆ ಅಷ್ಟು ಬೆಲೆ? ಅದು ಅವರದೇ ಮಾತು ಎಂಬ ನಂಬಿಕೆಯಿಂದ!

ಟಿಕ್ ಬಂತು, ಮಾರಾಟಕ್ಕೂ ಬಂತು

2009ರಲ್ಲಿ ಟೋನಿ ಲಾ ರೂಸಾ ಎಂಬ ಬೇಸ್‌ಬಾಲ್ ತಂಡದ ಮ್ಯಾನೇಜರ್, ತನ್ನ ಹೆಸರಿನಲ್ಲಿ ಯಾರೋ ನಕಲಿ ಖಾತೆ ತೆರೆದಿದ್ದಾರೆಂದು ಟ್ವಿಟರ್ ಮೇಲೆ ಕೇಸು ಹಾಕಿದರು. ಅದೇ ಜೂನಿನಲ್ಲಿ ಕಂಪನಿ ನೀಲಿ ಟಿಕ್ ಯೋಜನೆ ಪ್ರಕಟಿಸಿತು. ಖಾತೆ ಆ ವ್ಯಕ್ತಿಯದೇ ಎಂದು ಪರೀಕ್ಷಿಸಿ ಟಿಕ್ ಕೊಡುತ್ತಿದ್ದರು. ಕಾಸಿಲ್ಲ.

2022ರಲ್ಲಿ ಕಥೆಗೆ ತಿರುವು! ಎಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನೇ ಕೊಂಡರು. ನವೆಂಬರಿನಲ್ಲಿ ತಿಂಗಳಿಗೆ 8 ಡಾಲರ್ ಕಟ್ಟಿದವರಿಗೆ ಟಿಕ್ ಸಿಗತೊಡಗಿತು. ಯಾರೋ ಒಬ್ಬ ಎಲಿ ಲಿಲ್ಲಿ ಎಂಬ ಔಷಧ ಕಂಪನಿಯ ಹೆಸರಲ್ಲಿ ಟಿಕ್ ಕೊಂಡು, ಇನ್ಸುಲಿನ್ ಪುಕ್ಕಟೆ ಎಂದು ಬರೆದುಬಿಟ್ಟ! ಅಸಲಿ ಕಂಪನಿ ಜನರ ಕ್ಷಮೆ ಕೇಳಬೇಕಾಯಿತು. ಯೋಜನೆ ಕೆಲವು ವಾರ ನಿಂತು, ಮತ್ತೆ ಶುರುವಾಯಿತು.

2023ರ ಏಪ್ರಿಲ್ 20ರಂದು ಹಳೆಯ ಟಿಕ್‌ಗಳನ್ನೆಲ್ಲ ಕಿತ್ತರು. ರಜನೀಕಾಂತ್, ಶಾರುಖ್, ಅಮಿತಾಭ್ – ಯಾರನ್ನೂ ಬಿಡಲಿಲ್ಲ! ದುಡ್ಡು ಕಟ್ಟಿದ್ದೇನಪ್ಪಾ, ಟಿಕ್ ವಾಪಸ್ ಕೊಡಿ ಎಂದು ಅಮಿತಾಭ್ ತಮಾಷೆಯಾಗಿ ಬರೆದರು. ಕೆಲವೇ ದಿನಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಹಿಂಬಾಲಕರಿದ್ದ ಅನೇಕರಿಗೆ ಕೇಳದೆಯೇ ಟಿಕ್ ಮರಳಿತು. ಜುಲೈನಲ್ಲಿ ಟ್ವಿಟರಿನ ಹೆಸರೇ ಎಕ್ಸ್ ಆಯಿತು.

ಅಸಲಿ ಗುರುತು ಹೇಗೆ?

ನೆನಪಿಡಿ: ಅಂದು ಟಿಕ್ ಎಂದರೆ 'ಇವರೇ ಅವರು'. ಇಂದು ಕಾಸು ಕಟ್ಟಿದವರಿಗೂ ಅದೇ ಟಿಕ್!

ಮೇಲೆ ಕಾಣುವ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅದರ ಕೆಳಗೆ ಇಂಗ್ಲಿಷಿನಲ್ಲಿರುವ ಖಾತೆಯ ಹೆಸರು ಮಾತ್ರ ಒಬ್ಬರಿಗೆ ಒಂದೇ. ಅದನ್ನು ಅಕ್ಷರ ಅಕ್ಷರ ಓದಿ. ಸಣ್ಣ 'ಎಲ್' ಜಾಗದಲ್ಲಿ ದೊಡ್ಡ 'ಐ' ಕೂತಿರುತ್ತೆ! ಖಾತೆ ತೆರೆದದ್ದು ಯಾವಾಗ ನೋಡಿ. ಚಿತ್ರದ ನಿರ್ಮಾಣ ಸಂಸ್ಥೆ ಯಾವ ಖಾತೆಯನ್ನು ಹೆಸರಿಸುತ್ತದೆ ನೋಡಿ. ಮೋಸ ಹೋದರೆ ನನ್ನ ಹಾಗೆ ನಾಚಿಕೊಂಡು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ನಿಜವಾದ ಹೀರೋ ನಿಮ್ಮಿಂದ ಬಯಸೋದು ಟಿಕೆಟ್ಟಿನ ಕಾಸು ಮಾತ್ರ. ಅದನ್ನು ಥಿಯೇಟರಿನ ಕೌಂಟರಿನಲ್ಲೇ ಕೊಡಿ! ಏನಂತೀರಿ?