ಲಕ್ಷಗಟ್ಟಲೆ ಮಾರಾಟ, ಆದರೂ ನಷ್ಟ: ವಿಡಿಯೋ ಗೇಮ್ ಉದ್ಯಮದ ಲೆಕ್ಕಾಚಾರ

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕ್ರಮವೊಂದು ಮುಗಿದ ಬಳಿಕ ಹಿರಿಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಚಿಂತೆಯನ್ನು ತೋಡಿಕೊಂಡರು. ಅವರ ಮಗ ವಿಡಿಯೋ ಗೇಮ್‌ಗಳಿಗೆ ಚಿತ್ರ ರಚಿಸುವ ಕಲಾವಿದ. ಅವನು ದುಡಿದ ಆಟವೊಂದರ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ವಿದೇಶಗಳಲ್ಲಿ ಮಾರಾಟವಾಗಿದ್ದವು. ಆದರೂ ಮೂರೇ ತಿಂಗಳಲ್ಲಿ ಕಂಪನಿಯು ನಷ್ಟದ ಕಾರಣ ನೀಡಿ ಅವನನ್ನೂ ಅವನ ಜತೆಗಾರರನ್ನೂ ಕೆಲಸದಿಂದ ಬಿಡಿಸಿತು. "ಹತ್ತು ಲಕ್ಷ ಮಾರಾಟವಾದ ಸರಕಿನಲ್ಲಿ ನಷ್ಟವೆಂದರೆ ನಂಬುವುದು ಹೇಗೆ ರಾಯರೇ? ಹುಡುಗ ನಮ್ಮಿಂದ ಏನನ್ನೋ ಮುಚ್ಚಿಡುತ್ತಿದ್ದಾನೆ. ನೀವು ಬ್ಯಾಂಕಿನವರು, ಲೆಕ್ಕ ನೋಡಿ ಹೇಳಿ" ಎಂದರು.

ನಾನು ಕಲಾ ವಿಭಾಗದ ಪದವೀಧರ. ಕಂಪ್ಯೂಟರಿನಲ್ಲಿ ಇಸ್ಪೀಟು ಬಿಟ್ಟು ಬೇರೆ ಆಟ ಆಡಿದವನಲ್ಲ. ಆದರೆ ಸಾಲದ ಅರ್ಜಿಗಳೊಡನೆ ಬರುವ ಯೋಜನಾ ವರದಿಗಳನ್ನು ವರ್ಷಗಟ್ಟಲೆ ಓದಿದವನಿಗೆ ಈ ಉದ್ಯಮದ ಲೆಕ್ಕ ಕುತೂಹಲ ಹುಟ್ಟಿಸಿತು.

ಬಾಲ್ಯದಲ್ಲಿ ನಮ್ಮ ಊರಿಗೆ ನಾಟಕ ಕಂಪನಿಗಳು ಬಂದು ತಿಂಗಳುಗಟ್ಟಲೆ ಮೊಕ್ಕಾಂ ಹೂಡುತ್ತಿದ್ದವು. ಒಂದು ನಾಟಕಕ್ಕೆ ಜನ ಬಾರದಿದ್ದರೆ ಮಾಲೀಕರು ಮರುವಾರ ಬೇರೊಂದನ್ನು ಆಡಿಸುತ್ತಿದ್ದರು. ರಾತ್ರಿಯ ಗಲ್ಲಾಪೆಟ್ಟಿಗೆಯಿಂದಲೇ ಬೆಳಗಿನ ದಿನಸಿ ಬರುತ್ತಿತ್ತು. ದೊಡ್ಡ ವಿಡಿಯೋ ಗೇಮಿಗೆ ಈ ಅನುಕೂಲವಿಲ್ಲ. ನೂರಾರು ಮಂದಿ ಮೂರರಿಂದ ಆರು ವರ್ಷ ದುಡಿಯುತ್ತಾರೆ. ಅಷ್ಟೂ ಸಂಬಳ ಮೊದಲ ಪ್ರತಿ ಮಾರಾಟವಾಗುವ ಮುನ್ನವೇ ಖರ್ಚಾಗಿರುತ್ತದೆ. ಆಮೇಲೆ ಒಂದು ಪ್ರತಿಯನ್ನು ಹೆಚ್ಚಿಗೆ ಮಾರಲು ತಗಲುವ ವೆಚ್ಚ ನಗಣ್ಯ. ಆದ್ದರಿಂದ ಎಲ್ಲವೂ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಹಾಕಿದ ಹಣ ಮರಳಲು ಎಷ್ಟು ಪ್ರತಿಗಳು ಬೇಕು?

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಅಮೆರಿಕದಲ್ಲಿ ದೊಡ್ಡ ಆಟದ ಬೆಲೆ ಬಹುಕಾಲ 60 ಡಾಲರ್ ಇತ್ತು. 2020ರ ಬಳಿಕ ಅನೇಕ ಆಟಗಳಿಗೆ 70 ಆಯಿತು. ಆದರೆ ಅಂತರ್ಜಾಲದ ಪ್ರಮುಖ ಮಳಿಗೆಗಳು ಸಾಮಾನ್ಯವಾಗಿ ಶೇ. 30ರಷ್ಟನ್ನು ತಮ್ಮ ಪಾಲಿಗೆ ಹಿಡಿದುಕೊಳ್ಳುತ್ತವೆ. ಅಂದರೆ 60ರಲ್ಲಿ ಪ್ರಕಾಶಕರಿಗೆ ಉಳಿಯುವುದು 42. ಕೆಲವೇ ತಿಂಗಳಲ್ಲಿ ರಿಯಾಯಿತಿ ಮಾರಾಟ ಆರಂಭವಾದರೆ ಅದೂ ಇಲ್ಲ. ನಮ್ಮ ಸ್ನೇಹಿತರ ಮಗನ ಆಟವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಹತ್ತು ಲಕ್ಷ ಪ್ರತಿಗಳೂ ಪೂರ್ಣ 60 ಡಾಲರಿಗೇ ಹೋದವೆಂದು ಭಾವಿಸಿದರೂ ಕೈಗೆ ಬಂದದ್ದು 4 ಕೋಟಿ 20 ಲಕ್ಷ ಡಾಲರ್. ತಯಾರಿಕೆಗೆ 4 ಕೋಟಿ ಖರ್ಚಾಗಿದ್ದರೆ ಹೇಗೋ ಸರಿಹೋಯಿತು. ಆದರೆ ಪ್ರಚಾರಕ್ಕೆ ಇನ್ನೂ 2 ಕೋಟಿ ಸುರಿದಿದ್ದರೆ? 1 ಕೋಟಿ 80 ಲಕ್ಷ ನಷ್ಟ!

ಪ್ರಚಾರವೆಂದರೆ ತಮಟೆ ಬಾರಿಸುತ್ತಾ ಕರಪತ್ರ ಹಂಚುವ ನಾಟಕದ ಗಾಡಿಯಲ್ಲ. 2009ರ ನವೆಂಬರಿನಲ್ಲಿ ಬಂದ 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2' ಆಟದ ಬಗ್ಗೆ 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆ ವರದಿ ಮಾಡಿದ ಅಂಕಿಗಳು ಕಣ್ತೆರೆಸುವಂಥವು. ಆಟದ ತಯಾರಿಕೆಗೆ ತಗಲಿದ್ದು 4ರಿಂದ 5 ಕೋಟಿ ಡಾಲರ್. ಜಾಹೀರಾತು, ಡಿಸ್ಕ್‌ಗಳ ಮುದ್ರಣ ಮತ್ತು ವಿತರಣೆ ಸೇರಿಸಿದರೆ ಒಟ್ಟು 20 ಕೋಟಿ! ಆ ಆಟ ಮೊದಲ ಐದು ದಿನಗಳಲ್ಲೇ ಸುಮಾರು 55 ಕೋಟಿ ಡಾಲರ್ ವಹಿವಾಟು ನಡೆಸಿತಾದ್ದರಿಂದ ಯಾರೂ ಗೊಣಗಲಿಲ್ಲ. ಆದರೆ ಇದನ್ನು ಕಂಡು ಉಳಿದವರಿಗೂ ಅದೇ ಹಾದಿ ಹಿಡಿಯಬೇಕಾಯಿತು. ಪೂರ್ಣ ಬೆಲೆಯ ಮಾರಾಟದ ಬಹುಪಾಲು ಮೊದಲ ಕೆಲವು ವಾರಗಳಲ್ಲೇ ನಡೆಯುವುದರಿಂದ ಬಿಡುಗಡೆಗೆ ಮೊದಲೇ ಕೂಗು ಹಾಕಬೇಕು. ಸಾಲದಾದರೆ ಆ ಹಣ ಮರಳಿ ಬಾರದು. ಅರ್ಧ ಕಟ್ಟಿದ ಕಟ್ಟಡವನ್ನಾದರೂ ಬ್ಯಾಂಕು ಹರಾಜು ಹಾಕಬಹುದು, ಕಳೆದ ವಾರದ ಜಾಹೀರಾತನ್ನು ಹರಾಜು ಹಾಕಲಾದೀತೇ?

2013ರ ಮಾರ್ಚ್‌ನಲ್ಲಿ ಬಿಡುಗಡೆಯಾದ 'ಟೂಂಬ್ ರೈಡರ್' ಸುಮಾರು ನಾಲ್ಕು ವಾರಗಳಲ್ಲಿ 34 ಲಕ್ಷ ಪ್ರತಿ ಮಾರಾಟವಾಯಿತು. ಯಾವ ಪುಸ್ತಕ ಪ್ರಕಾಶಕನಾದರೂ ಊರಿಗೆಲ್ಲ ಸಿಹಿ ಹಂಚುವಂಥ ಸಂಖ್ಯೆ. ಆದರೆ ಜಪಾನಿನ ಪ್ರಕಾಶಕ ಸಂಸ್ಥೆ ಸ್ಕ್ವೇರ್ ಎನಿಕ್ಸ್ ಇದು ತನ್ನ ನಿರೀಕ್ಷೆಗಿಂತ ಕಡಿಮೆಯೆಂದು ಘೋಷಿಸಿತು. ಅದೇ ತಿಂಗಳು ಸಂಸ್ಥೆಯ ಅಧ್ಯಕ್ಷ ಯೋಯಿಚಿ ವಾಡಾ ಅವರು ಹುದ್ದೆ ತೊರೆಯುವ ಸುದ್ದಿಯೂ ಹೊರಬಿದ್ದಿತು. ವಿಚಿತ್ರವೆಂದರೆ ಆಟ ನಿಧಾನವಾಗಿ ಮಾರಾಟವಾಗುತ್ತಾ ಆ ವರ್ಷದ ಕೊನೆಯ ಹೊತ್ತಿಗೆ ಲಾಭಕ್ಕೆ ಬಂದಿತು. ಆಟ ಕೆಟ್ಟದ್ದಾಗಿರಲಿಲ್ಲ, ಹಣದ ಗಡಿಯಾರ ಬೇಗ ಓಡುತ್ತಿತ್ತು, ಅಷ್ಟೇ.

ಈಚಿನ ಸ್ಥಿತಿ ಇನ್ನೂ ಬಿಗಿಯಾಗಿದೆ. 2023ರಲ್ಲಿ ಬಂದ 'ಸ್ಪೈಡರ್ ಮ್ಯಾನ್ 2' ಆಟಕ್ಕೆ ಸುಮಾರು 30 ಕೋಟಿ ಡಾಲರ್ ತಗಲಿತ್ತು, ಅಸಲು ಮರಳಲು ಪೂರ್ಣ ಬೆಲೆಯಲ್ಲಿ 72 ಲಕ್ಷ ಪ್ರತಿ ಮಾರಾಟವಾಗಬೇಕಿತ್ತು ಎಂಬುದು ಅದೇ ಡಿಸೆಂಬರಿನಲ್ಲಿ ಸೋರಿಕೆಯಾದ ಕಡತಗಳಿಂದ ಬಹಿರಂಗವಾಯಿತು. ಆಟ ಕೋಟಿ ದಾಟಿತು. ಹಾಗಿದ್ದೂ 2024ರ ಫೆಬ್ರವರಿಯಲ್ಲಿ ಸೋನಿ ತನ್ನ ಗೇಮ್ ವಿಭಾಗದಿಂದ ಸುಮಾರು 900 ಮಂದಿಯನ್ನು ತೆಗೆಯುವುದಾಗಿ ಸಾರಿದಾಗ, ಆ ಆಟವನ್ನು ರಚಿಸಿದ ಇನ್‌ಸೋಮ್ನಿಯಾಕ್ ಸಂಸ್ಥೆಯೂ ಪಟ್ಟಿಯಲ್ಲಿತ್ತು.

ಹಾಗಾದರೆ ಸಣ್ಣದಾಗಿ ಮಾಡಬಾರದೇ ಎಂದು ಕೇಳಬಹುದು. ಅಮೆರಿಕದ ಎರಿಕ್ ಬರೋನ್ ಎಂಬ ಯುವಕ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕುಳಿತು ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತಾನೇ ರಚಿಸಿ 2016ರಲ್ಲಿ 'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಬೇಸಾಯದ ಆಟ ಹೊರತಂದ. ಆಡಿದವರ ಬಾಯಿಮಾತೇ ಮುಖ್ಯ ಪ್ರಚಾರವಾಗಿ ಅದು ಕೋಟಿಗಟ್ಟಲೆ ಮಾರಾಟವಾಯಿತು. ಆದರೆ ಸ್ಟೀಮ್ ಎಂಬ ಮಳಿಗೆಯೊಂದರಲ್ಲೇ 2024ರಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಬಂದವು. ಅವುಗಳಲ್ಲಿ ಬಹಳಷ್ಟರ ಹೆಸರನ್ನು ಯಾರೂ ಕೇಳಲಿಲ್ಲ. ಪ್ರಚಾರಕ್ಕೆ ಸುರಿದವನಿಗೆ ಒಂದು ಭಯವಾದರೆ ಸುರಿಯದವನಿಗೆ ಇನ್ನೊಂದು.

ನಮ್ಮ ಬೆಂಗಳೂರಿಗೂ ಈ ಉದ್ಯಮದಲ್ಲಿ ಹಳೆಯ ಪಾಲಿದೆ. ರಾಜೇಶ್ ರಾವ್ ಅವರು 1997ರಲ್ಲಿ ಅಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆ ವಿದೇಶೀ ಆಟಗಳಿಗೆ ಚಿತ್ರ ರಚಿಸಿಕೊಡುವುದರಲ್ಲಿ ಹೆಸರು ಮಾಡಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಹೀಗೆ ಗುತ್ತಿಗೆಯ ಮೇಲೆ ದುಡಿಯುವವರಿಗೆ ಆಟ ಗೆದ್ದರೂ ಸೋತರೂ ಒಪ್ಪಿದ ಕೂಲಿ ದೊರೆಯುತ್ತದೆ. ಲಾಭದಲ್ಲಿ ಪಾಲಿಲ್ಲ, ನಷ್ಟದಲ್ಲಿಯೂ ಇಲ್ಲ. ಪ್ರಕಾಶಕ ಮುಂದಿನ ಯೋಜನೆಯನ್ನು ಕೈಬಿಟ್ಟರೆ ಮಾತ್ರ ಕೆಲಸವೇ ಇಲ್ಲ.

ಇದಿಷ್ಟನ್ನೂ ಒಂದು ಹಾಳೆಯಲ್ಲಿ ಗುಣಾಕಾರ ಭಾಗಾಕಾರ ಸಹಿತ ಬರೆದು ಆ ಹಿರಿಯರಿಗೆ ಒಪ್ಪಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಎರಡು ಬಾರಿ ಓದಿದರು. "ಹಾಗಾದರೆ ಅವನು ಹೇಳಿದ್ದು ನಿಜ" ಎಂದರು. ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಮಗನಿಗೆ ಫೋನ್ ಮಾಡಲು ಸಭಾಂಗಣದ ಹೊರಗೆ ನಡೆದರು.