‘ಕನ್ನಡ’ದಲ್ಲಿ ಅಕ್ಷರಗಳೆಷ್ಟು?

‘ಕನ್ನಡ’ ಎಂಬ ಪದದಲ್ಲಿ ಅಕ್ಷರಗಳೆಷ್ಟು? ಒಂದನೆಯ ತರಗತಿಯ ಮಗುವೂ ಬೆರಳು ಮಡಿಚಿ ‘ಮೂರು’ ಎಂದೀತು. ಆದರೆ ಕಳೆದ ಭಾನುವಾರ ನಮ್ಮ ಮನೆಯ ಗಣಕಯಂತ್ರ ‘ಐದು’ ಎಂದಿತು! ಛಂದಸ್ಸನ್ನು ಬೋಧಿಸಿ ಹೊಟ್ಟೆ ಹೊರೆಯುವ ನನಗೆ ಇದು ಸಹಿಸತಕ್ಕ ಮಾತಾಗಿರಲಿಲ್ಲ. ನನ್ನ ವಿದ್ಯಾರ್ಥಿಗಳ ಪದ್ಯರಚನೆಯನ್ನು ಪರೀಕ್ಷಿಸಲೆಂದು ತಮ್ಮನು ಪೈಥಾನ್ ಭಾಷೆಯಲ್ಲಿ ಒಂದು ಕ್ರಮವಿಧಿಯನ್ನು ಬರೆದುಕೊಡುತ್ತಿದ್ದ. ಎಣಿಕೆಯೇ ತಪ್ಪಿದರೆ ಸರಿಯಾಗಿ ಬರೆದ ಹುಡುಗನಿಗೂ ಅಂಕ ಹೋದಂತೆಯೇ!

“ಯಂತ್ರದ ತಪ್ಪಲ್ಲ ಅಣ್ಣಾ,” ಎಂದ ತಮ್ಮ. “ಅದು ನಿನ್ನ ಹಾಗೆ ಅಕ್ಷರವನ್ನು ಕಾಣದು. ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ ಎಂದು ಐದು ಸಂಕೇತಗಳನ್ನಷ್ಟೇ ಕಾಣುತ್ತದೆ. ನಮ್ಮ ಎಣಿಕೆಯನ್ನು ನಾವೇ ಕಲಿಸಬೇಕು.”

ಕಲಿಸುವ ಬಗೆ ಸ್ವಾರಸ್ಯವಾದದ್ದು. 1960ರ ದಶಕದಲ್ಲಿ ನಾರ್ವೆ ದೇಶದ ಡಾಲ್ ಮತ್ತು ನ್ಯೂಗಾರ್ಡ್ ಎಂಬ ವಿದ್ವಾಂಸರು ‘ಸಿಮುಲಾ’ ಎಂಬ ಗಣಕಭಾಷೆಯಲ್ಲಿ ಒಂದು ಹೊಸ ದಾರಿ ತೆರೆದರು. ಮೊದಲು ‘ವರ್ಗ’ವನ್ನು ವಿವರಿಸುವುದು, ಅನಂತರ ಅದರಿಂದ ಒಂದೊಂದೇ ‘ವಸ್ತು’ವನ್ನು ಪಡೆಯುವುದು. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನೆದರೆ ಸಾಕು: ಮರದ ಅಚ್ಚು ವರ್ಗ, ಅದರಿಂದ ಮೂಡಿದ ಸಕ್ಕರೆಯ ಆನೆ ವಸ್ತು. ಹಾಲೆಂಡಿನ ಗೀಡೋ ವಾನ್ ರಾಸಮ್ ಅವರು 1991ರಲ್ಲಿ ಹೊರತಂದ ಪೈಥಾನ್ ಭಾಷೆಯೂ ಈ ದಾರಿಯದೇ.

ವಸ್ತುವಿನ ಕೈಯಲ್ಲಿ ಮಾಡಿಸುವ ಕೆಲಸಗಳಿಗೆ ‘ವಿಧಾನ’ಗಳೆಂದು ಹೆಸರು. ಅವುಗಳಲ್ಲಿ ಕೆಲವು ವಿಶೇಷವಾದವು. ಅವುಗಳ ಹೆಸರಿನ ಹಿಂದೆಯೂ ಮುಂದೆಯೂ ಎರಡೆರಡು ಅಡಿಗೆರೆಗಳಿರುತ್ತವೆ. ನಾವು ಅವುಗಳನ್ನು ಹೆಸರು ಹಿಡಿದು ಕರೆಯುವುದು ವಿರಳ. ಸಂದರ್ಭ ಬಂದಾಗ ಯಂತ್ರವೇ ಕರೆಯುತ್ತದೆ. ಎರಡು ವಸ್ತುಗಳ ನಡುವೆ ಕೂಡುವ ಚಿಹ್ನೆ ಬಂದರೆ ‘ಆ್ಯಡ್’ ಎಂಬ ವಿಧಾನ, ಉದ್ದವನ್ನು ಕೇಳಿದರೆ ‘ಲೆನ್’ ಎಂಬ ವಿಧಾನ, ವಸ್ತುವನ್ನು ತೆರೆಯ ಮೇಲೆ ಬರೆದು ತೋರಿಸಬೇಕಾದರೆ ‘ಎಸ್‌ಟಿಆರ್’ ಎಂಬ ವಿಧಾನ.

ತಮ್ಮನು ‘ಪದ’ ಎಂಬ ವರ್ಗವನ್ನು ರಚಿಸಿ, ಅದರಿಂದ ‘ಕನ್ನಡ’ ಎಂಬ ವಸ್ತುವನ್ನು ಪಡೆದಿದ್ದ. ಅವಸರದಲ್ಲಿ ಆ ಒಂದು ವಸ್ತುವಿಗೆ ಮಾತ್ರ ಹೊಸ ‘ಲೆನ್’ ವಿಧಾನವನ್ನು ಅಂಟಿಸಿದ. ಹೆಸರು ಹಿಡಿದು ಕರೆದಾಗ ‘ಮೂರು’ ಎಂಬ ಉತ್ತರ ಬಂತು. ಆದರೆ ಎಂದಿನ ರೀತಿಯಲ್ಲಿ ಉದ್ದವನ್ನು ಕೇಳಿದಾಗ, ಮತ್ತೆ ‘ಐದು’!

ಇದೇನು ಹಟ? ಸಾಮಾನ್ಯ ವಿಧಾನವನ್ನು ಹೆಸರು ಹಿಡಿದು ಕರೆದರೆ ಯಂತ್ರ ಮೊದಲು ವಸ್ತುವಿನ ಬಳಿಯೂ, ಅಲ್ಲಿಲ್ಲವಾದರೆ ವರ್ಗದಲ್ಲಿಯೂ ಹುಡುಕುತ್ತದೆ. ವಿಶೇಷ ವಿಧಾನವನ್ನು ತಾನಾಗಿ ಕರೆಯುವಾಗಲಾದರೋ ವಸ್ತುವಿನತ್ತ ಕಣ್ಣೆತ್ತಿಯೂ ನೋಡದೆ ನೇರವಾಗಿ ವರ್ಗದ ಬಾಗಿಲನ್ನು ತಟ್ಟುತ್ತದೆ. ಅಲ್ಲಿ ದೊರೆಯದಿದ್ದರೆ ಅದರ ಪೂರ್ವಿಕ ವರ್ಗಗಳನ್ನು ವಿಚಾರಿಸುತ್ತದೆ. ಮಗನ ಇಷ್ಟವೇನೇ ಇರಲಿ, ಮದುವೆಯ ಶಾಸ್ತ್ರವನ್ನು ಮನೆಯ ಹಿರಿಯರಲ್ಲಿ ಕೇಳಿದ ಹಾಗೆ!

ಇದಕ್ಕೆ ಕಾರಣವುಂಟು. ಪೈಥಾನಿನಲ್ಲಿ ವರ್ಗವೂ ಒಂದು ವಸ್ತುವೇ. ‘ಪದ’ವೆಂಬ ವರ್ಗದ ಉದ್ದವೆಷ್ಟು ಎಂದು ಯಾರಾದರೂ ಕೇಳಿದರೆನ್ನಿ. ಯಂತ್ರ ಆ ವರ್ಗದೊಳಗೇ ಹುಡುಕಿದರೆ ಪದಗಳಿಗಾಗಿ ಇಟ್ಟ ‘ಲೆನ್’ ಸಿಕ್ಕುತ್ತದೆ. ಎಣಿಸುವುದಕ್ಕೆ ಮಾತ್ರ ಪದವೇ ಇಲ್ಲ. ಅಡಿಗೆಯ ಪುಸ್ತಕವನ್ನೇ ಒಲೆಯ ಮೇಲಿಟ್ಟಂತಾಯಿತು! ಈ ಗೊಂದಲ ತಪ್ಪಬೇಕಾದರೆ ಯಾವ ವಸ್ತುವಿಗಾದರೂ ಒಂದು ಮೆಟ್ಟಿಲು ಮೇಲೆ, ಅದರ ವರ್ಗದಲ್ಲಿಯೇ ಹುಡುಕಬೇಕು. ವರ್ಗಗಳಿಗೂ ‘ಟೈಪ್’ ಎಂಬ ವರ್ಗವೊಂದಿದೆ. ಅಲ್ಲಿ ‘ಲೆನ್’ ಇಲ್ಲವಾದ್ದರಿಂದ ಯಂತ್ರವು ‘ಇದಕ್ಕೆ ಉದ್ದವಿಲ್ಲ’ ಎಂದು ಸ್ಪಷ್ಟವಾಗಿ ತಿಳಿಸುತ್ತದೆ. ಹುಡುಕಾಟ ಕಡಿಮೆಯಾಗಿ ಕೆಲಸ ಬೇಗ ಸಾಗುವುದು ಇನ್ನೊಂದು ಲಾಭ. ಹಿಂದೆ ಹೀಗಿರಲಿಲ್ಲ, ಹಳೆಯ ಬಗೆಯ ವರ್ಗಗಳಲ್ಲಿ ವಸ್ತುವಿನ ಸ್ವಂತ ಮಾತೂ ನಡೆಯುತ್ತಿತ್ತು. 2001ರಲ್ಲಿ ಹೊಸ ಬಗೆಯ ವರ್ಗಗಳು ಬಂದವು. 2008ರ ಮೂರನೆಯ ಆವೃತ್ತಿಯಲ್ಲಿ ಹಳೆಯವನ್ನು ಕೈಬಿಡಲಾಯಿತು.

ತಮ್ಮನು ವಸ್ತುವಿಗೆ ಅಂಟಿಸಿದ್ದನ್ನು ಕಿತ್ತು, ವಿಧಾನವನ್ನು ವರ್ಗದಲ್ಲಿಯೇ ತಿದ್ದಿದ. ಸ್ವರಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಬಿಡತಕ್ಕದ್ದು. ಒತ್ತಾಗಿ ಬಂದ ವ್ಯಂಜನವನ್ನು ಬೇರೆಯಾಗಿ ಎಣಿಸಕೂಡದು. ಈಗ ‘ಕನ್ನಡ’ಕ್ಕೆ ಮೂರು! ಅಷ್ಟೇ ಅಲ್ಲ, ನಾವು ಮುಟ್ಟದೆ ಬಿಟ್ಟಿದ್ದ ಪದಗಳೂ ತಾವಾಗಿ ಸರಿಹೋದವು. ಎಂಟು ಸಂಕೇತಗಳ ‘ವಿದ್ಯಾಲಯ’ ನಾಲ್ಕಕ್ಕೆ ಇಳಿಯಿತು. ಐದರ ‘ಅಕ್ಷರ’ ಮೂರಾಯಿತು.

ನಾನು ಸುಮ್ಮನಾದೆ. ವರ್ಷವರ್ಷವೂ ಒಬ್ಬೊಬ್ಬ ಹುಡುಗನ ಪುಸ್ತಕದಲ್ಲಿ ಅದೇ ತಪ್ಪಿಗೆ ಕೆಂಪುಗೆರೆ ಎಳೆಯುತ್ತ ಬಂದ ನಾನು, ಪಾಠ ಹೇಳುವ ಕ್ರಮವನ್ನೇ ತಿದ್ದಿಕೊಂಡಿದ್ದೆನೆ?

“ಇನ್ನು ಲಘು ಗುರುಗಳನ್ನು ಕಲಿಸೋಣವೆ, ಅಣ್ಣಾ?” ಎಂದು ತಮ್ಮ ಕೇಳಿದ.

“ಮೊದಲು ನಿನಗೆ ಕಲಿಸುತ್ತೇನೆ, ಕುಳಿತುಕೊ,” ಎಂದೆ.