ಅರ್ಧ ಗಂಟೆಯ ಆಟ, ಮೊದಲೇ ಆಡಿದ ಮಾತು

ಯಾದಗಿರಿಯಲ್ಲೊಬ್ಬ, ಶಹಾಪುರದಲ್ಲೊಬ್ಬ, ಸುರಪುರದಲ್ಲಿಬ್ಬರು. ಊರು ಬೇರೆಯಾದರೂ ಮೊಬೈಲಿನ ಆಟದಲ್ಲಿ ನಾಲ್ವರದೂ ಒಂದೇ ತಂಡ. 'ಊಟಕ್ಕ ಬಾರೋ' ಎಂದು ಅವ್ವ ಕೂಗಿದರೆ ಹುಡುಗ ಸಿಡುಕುತ್ತಾನೆ. ಏಕೆ?

ಪಬ್‌ಜಿ ಮೊಬೈಲ್ ಆಟವನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. ಅದರ ಜಾಗಕ್ಕೆ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ 2021ರ ಜುಲೈ 2ರಂದು 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ತಂದಿತು. 2022ರ ಜುಲೈನಲ್ಲಿ ಅದಕ್ಕೂ ತಡೆ ಬಿತ್ತು. 2023ರ ಮೇ ತಿಂಗಳಲ್ಲಿ ಮರಳಿದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂಬ ಮಿತಿ ಬಂತು.

ಇದು ಅರ್ಧಕ್ಕೆ ನಿಲ್ಲಿಸಿಡಬಹುದಾದ ಆಟವಲ್ಲ. ಸುಮಾರು ನೂರು ಮಂದಿಯ ಬೆರಳಾಟವನ್ನು ದೂರದ ಸರ್ವರ್ ಕ್ಷಣಕ್ಷಣವೂ ಜೋಡಿಸುತ್ತಿರುತ್ತದೆ. ಒಬ್ಬನಿಗಾಗಿ ಅದು ಕಾಯದು. ನಡುವೆ ಫೋನ್ ಕೆಳಗಿಟ್ಟರೆ ಗೆಳೆಯರ ತಂಡ ಸೊರಗುತ್ತದೆ. ಸಿಡುಕಿಗೆ ಕಾರಣ ಇದೇ.

ಹಾಗೆಂದು 3 ಗಂಟೆ ಬಿಡಬಹುದೇ? ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟು ಹತ್ತಕ್ಕೆ ಮಲಗುವ ಮಗುವಿಗೆ ಉಳಿಯುವುದೇ ಐದೂವರೆ ಗಂಟೆ. ಅದರಲ್ಲಿ ಮೂರು ಕಳೆದರೆ ಓದಿಗೆ, ಊಟಕ್ಕೆ, ಬಯಲಿನ ಆಟಕ್ಕೆ ಎರಡೂವರೆ ಮಾತ್ರ.

ಒಂದು ಪಂದ್ಯಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ಪಾಲಕರು ನಡುವೆ ಫೋನ್ ಕಸಿಯುವ ಬದಲು, ಎಷ್ಟು ಪಂದ್ಯ ಎಂಬುದನ್ನು ಮೊದಲೇ ಗೊತ್ತುಮಾಡಲಿ. ಮುಗಿದೊಡನೆ ಏಳುವುದು ಮಕ್ಕಳ ಹೊಣೆ.